ಮೈ ನೆನಪಿಟ್ಟುಕೊಳ್ಳುತ್ತದೆ: ಸೋಂಕು, ಲಸಿಕೆ, ಕಿಡ್ನಿ ಕಸಿಯ ಒಂದೇ ಕಥೆ

ಚಿಕ್ಕಮ್ಮನ ಎರಡೂ ಕಿಡ್ನಿ ಕೈಕೊಟ್ಟಾಗ ಚಿಕ್ಕಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ನಂದು ತಗೊಳ್ಳಿ" ಅಂದರು. ಇಬ್ಬರದೂ ಬಿ ಪಾಸಿಟಿವ್ ರಕ್ತ. ಚಿಕ್ಕಪ್ಪನಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ಸ್ಕ್ಯಾನಿಂಗ್ ರಿಪೋರ್ಟೂ ಚೆನ್ನಾಗಿಯೇ ಬಂತು. ಇನ್ನೇನು ಆಪರೇಷನ್‌ಗೆ ದಿನ ಗೊತ್ತಾಗುತ್ತದೆ ಅಂದುಕೊಂಡಿದ್ದೆವು. ಕ್ರಾಸ್‌ಮ್ಯಾಚ್ ಅನ್ನುವ ಒಂದು ಪರೀಕ್ಷೆ ಮಾತ್ರ ಬಾಕಿ ಇತ್ತು.

ಪರೀಕ್ಷೆ ಸರಳವಾದದ್ದು. ಕಿಡ್ನಿ ಪಡೆಯುವವರ ರಕ್ತದಿಂದ ತಿಳಿಯಾದ ಸೀರಮ್ ತೆಗೆಯುತ್ತಾರೆ. ಕೊಡುವವರ ರಕ್ತದಿಂದ ಬಿಳಿ ರಕ್ತಕೋಶ ತೆಗೆಯುತ್ತಾರೆ. ಎರಡನ್ನೂ ಬೆರೆಸಿ, ಸೀರಮ್ ಆ ಕೋಶಗಳ ಮೇಲೆ ಎರಗುತ್ತದಾ ಅಂತ ನೋಡುತ್ತಾರೆ. ಚಿಕ್ಕಮ್ಮನ ಸೀರಮ್ ಎರಗಿತ್ತು. ರಿಪೋರ್ಟ್‌ನಲ್ಲಿ "ಪಾಸಿಟಿವ್" ಅಂತ ಬರೆದಿತ್ತು.

"ಪಾಸಿಟಿವ್ ಅಂದ್ರೆ ಒಳ್ಳೇದಲ್ವಾ ಡಾಕ್ಟ್ರೇ?" ಅಂತ ಚಿಕ್ಕಮ್ಮ ಕೇಳಿದರು.

"ಇದರಲ್ಲಿ ಪಾಸಿಟಿವ್ ಬಂದ್ರೆ ಕಷ್ಟ ಕಣಮ್ಮ. ನಿಮಗೆ ಎಷ್ಟು ಜನ ಮಕ್ಕಳು?"

"ಮೂರು."

ಡಾಕ್ಟರು ತಲೆಯಾಡಿಸಿದರು. ಉತ್ತರ ಅಲ್ಲೇ ಇತ್ತು. ಹೊಟ್ಟೆಯಲ್ಲಿರುವ ಮಗುವಿನ ಅರ್ಧ ಗುರುತು ಅಪ್ಪನದು. ಬಸುರಿನಲ್ಲಿ, ಅದಕ್ಕಿಂತ ಜಾಸ್ತಿಯಾಗಿ ಹೆರಿಗೆಯ ಹೊತ್ತಿನಲ್ಲಿ, ಮಗುವಿನ ಒಂದಿಷ್ಟು ಕೋಶಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಕೆಲವು ತಾಯಂದಿರ ದೇಹ ಆ ಪರಕೀಯ ಗುರುತಿಗೆ ಪ್ರತಿಕಾಯ, ಅಂದರೆ ಆಂಟಿಬಾಡಿ, ತಯಾರಿಸಿಡುತ್ತದೆ. ಮಗುವಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತಾಯಿಗೆ ಗೊತ್ತೂ ಆಗುವುದಿಲ್ಲ. ಚಿಕ್ಕಮ್ಮನ ಕೊನೆಯ ಮಗಳಿಗೆ ಆಗ 24 ವರ್ಷ. ಅಷ್ಟು ವರ್ಷ ಅವರ ದೇಹ ಚಿಕ್ಕಪ್ಪನ ಗುರುತನ್ನು ಸುಮ್ನೆ ನೆನಪಿಟ್ಟುಕೊಂಡು ಕೂತಿತ್ತು. ಚಿಕ್ಕಪ್ಪನ ಕಿಡ್ನಿ ಹಾಕಿದ್ದರೆ, ರಕ್ತ ಹರಿದ ಕೆಲವೇ ಗಂಟೆಗಳಲ್ಲಿ ಅದು ಹಾಳಾಗುವ ಅಪಾಯವಿತ್ತು.

ಆ ದಿನದಿಂದ ಈ ನೆನಪಿನ ವಿಷಯ ನನ್ನನ್ನು ಬಿಟ್ಟಿಲ್ಲ. ಸೋಂಕು ಮತ್ತೆ ಬಾರದಂತೆ ಕಾಯುವುದೂ ಇದೇ ನೆನಪು. ಲಸಿಕೆ ಕೆಲಸ ಮಾಡುವುದೂ ಇದರಿಂದಲೇ. ಕಸಿ ಮಾಡಿದ ಅಂಗವನ್ನು ದೇಹ ತಳ್ಳಿಹಾಕುವುದರಲ್ಲೂ ಇದರದೇ ದೊಡ್ಡ ಕೈವಾಡ. ಈ ಮೂರೂ ಬೇರೆ ಬೇರೆ ವಿಷಯ ಅಂತ ನಾನು ತಿಳಿದಿದ್ದೆ. ಓದುತ್ತಾ ಹೋದಂತೆ ಒಂದರ ಬೇರು ಇನ್ನೊಂದರಲ್ಲಿ ಸಿಕ್ಕಿಕೊಂಡಿರುವುದು ಕಂಡಿತು.

ಮೊದಲು ಸೋಂಕಿನ ನೆನಪು. ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಫೆರೋ ದ್ವೀಪಗಳು ಅಂತ ಇವೆ, ಡೆನ್ಮಾರ್ಕಿಗೆ ಸೇರಿದವು. 1846ರಲ್ಲಿ ಅಲ್ಲಿಗೆ ದಡಾರ ಬಂತು. ಸುಮಾರು 7,800 ಜನರಿದ್ದ ಜಾಗದಲ್ಲಿ 6,000ಕ್ಕೂ ಹೆಚ್ಚು ಜನ ಮಲಗಿದರು. ಮಕ್ಕಳು ಮಾತ್ರ ಅಲ್ಲ, ನಡುವಯಸ್ಸಿನವರೂ ಮಲಗಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನುಮ್ ಎಂಬ ಎಳೆಯ ವೈದ್ಯನನ್ನು ಕಳಿಸಿತು. ಆತ ಮನೆಮನೆ ಸುತ್ತಿದ. ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ತೀರಾ ವಯಸ್ಸಾದ ಕೆಲವರಿಗೆ ದಡಾರ ಬಂದೇ ಇರಲಿಲ್ಲ. ಅವರು ಯಾರು ಅಂತ ವಿಚಾರಿಸಿದಾಗ, 1781ರಲ್ಲಿ ಆ ದ್ವೀಪಕ್ಕೆ ದಡಾರ ಬಂದಿದ್ದಾಗ ಮಲಗಿ ಎದ್ದಿದ್ದ ಮಕ್ಕಳು! ಅಂಥ 98 ಮುದುಕರನ್ನು ಪಾನುಮ್ ಲೆಕ್ಕ ಹಾಕಿದ. ಒಬ್ಬರಿಗೂ ಎರಡನೇ ಸಲ ಬಂದಿರಲಿಲ್ಲ. ನಡುವಿನ 65 ವರ್ಷ ಆ ದ್ವೀಪದಲ್ಲಿ ದಡಾರ ಇರಲೇ ಇಲ್ಲ. ಯಾರೂ ನೆನಪಿಸದಿದ್ದರೂ ದೇಹ ಮರೆತಿರಲಿಲ್ಲ.

ಈಗ ಇನ್ನೊಂದು ಊರು, ಸ್ಕಾಟ್ಲೆಂಡಿನ ಗ್ಲಾಸ್ಗೊ. ಎರಡನೇ ಮಹಾಯುದ್ಧದ ಕಾಲ. ಮೈ ಸುಟ್ಟುಕೊಂಡ 22 ವರ್ಷದ ಹೆಣ್ಣುಮಗಳೊಬ್ಬಳು ಆಸ್ಪತ್ರೆ ಸೇರಿದ್ದಳು. ಪೀಟರ್ ಮೆಡವಾರ್ ಎಂಬ ಜೀವವಿಜ್ಞಾನಿ ಮತ್ತು ಟಾಮ್ ಗಿಬ್ಸನ್ ಎಂಬ ಸರ್ಜನ್ ಅವಳ ಅಣ್ಣತಮ್ಮಂದಿರೊಬ್ಬರ ಚರ್ಮದ ಚೂರುಗಳನ್ನು ಅವಳ ಗಾಯಕ್ಕೆ ಹಾಕಿದರು. ಮೊದಲು ಹಿಡಿದವು, ಆಮೇಲೆ ಕರಗಿದವು. ಸುಮಾರು ಎರಡು ವಾರದ ಮೇಲೆ ಅದೇ ಒಡಹುಟ್ಟಿದವನಿಂದ ಮತ್ತೆ ಚರ್ಮ ತೆಗೆದು ಹಾಕಿದರು. ಈ ಸಲ ಬಹಳ ಬೇಗ ಹಾಳಾದವು. ಇಬ್ಬರೂ 1943ರಲ್ಲಿ ಇದನ್ನು ಪ್ರಕಟಿಸಿದರು. ದಡಾರ ಎರಡನೇ ಸಲ ಬಂದಾಗ ದೇಹ ಅದನ್ನು ಚುರುಕಾಗಿ ಹೊಡೆದಂತೆ, ಎರಡನೇ ಸಲ ಬಂದ ಚರ್ಮವನ್ನೂ ಚುರುಕಾಗಿ ಹೊಡೆದಿತ್ತು. ಕಸಿ ಸೋಲುವುದು ಸರ್ಜನ್ನರ ಹೊಲಿಗೆಯಿಂದಲ್ಲ, ರೋಗನಿರೋಧಕ ವ್ಯವಸ್ಥೆಯಿಂದ ಅನ್ನುವುದಕ್ಕೆ ಅಷ್ಟು ಸಾಕಾಗಿತ್ತು.

ಆದರೆ ಒಂದು ಒಗಟು ಉಳಿಯಿತು. ಅಂಗಾಂಗ ಕಸಿ ಮನುಷ್ಯ ಮೊನ್ನೆ ಮೊನ್ನೆ ಕಲಿತ ವಿದ್ಯೆ. ಇನ್ನೊಬ್ಬರ ಕಿಡ್ನಿಯನ್ನು ಎದುರಿಸಲು ಪ್ರಕೃತಿ ಯಾಕೆ ಇಷ್ಟು ದೊಡ್ಡ ಏರ್ಪಾಡು ಮಾಡಿಟ್ಟಿತು?

ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, 1973ರ ಸುಮಾರಿಗೆ. ಹುಡುಕಿದ್ದು ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಝಿಂಕರ್‌ನಾಗೆಲ್. ಡೊಹರ್ಟಿ ಓದಿದ್ದು ಪಶುವೈದ್ಯಕೀಯ. ಇಬ್ಬರೂ ಇಲಿಗಳಿಗೆ ವೈರಸ್ ಸೋಂಕು ತಗುಲಿಸಿ, ಅವುಗಳ ಟಿ ಕೋಶಗಳು (ಬಿಳಿ ರಕ್ತಕೋಶಗಳಲ್ಲಿ ಒಂದು ಬಗೆ) ಸೋಂಕಿತ ಕೋಶಗಳನ್ನು ಹೇಗೆ ಕೊಲ್ಲುತ್ತವೆ ಅಂತ ನೋಡುತ್ತಿದ್ದರು. ಒಂದು ಇಲಿಯ ಟಿ ಕೋಶ ತನ್ನದೇ ತಳಿಯ ಇಲಿಯ ಸೋಂಕಿತ ಕೋಶವನ್ನು ಕೊಂದಿತು. ಬೇರೆ ತಳಿಯ ಇಲಿಯ ಕೋಶದಲ್ಲಿ ಅದೇ ವೈರಸ್ ಇದ್ದರೂ ಮುಟ್ಟಲಿಲ್ಲ. ಅಂದರೆ ಟಿ ಕೋಶ ವೈರಸ್ಸನ್ನು ಒಂದೇ ನೋಡುವುದಿಲ್ಲ. ಅದರ ಜೊತೆಗೆ ಇನ್ನೇನನ್ನೋ ನೋಡುತ್ತದೆ.

ಆ "ಇನ್ನೇನೋ" ಏನು ಅನ್ನುವುದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ಏನು ಬೇಯುತ್ತಿದೆ ಅಂತ ಹೊರಗೆ ತೋರಿಸುತ್ತಿರಬೇಕು. ಒಳಗೆ ತಯಾರಾದ ಪ್ರೊಟೀನ್‌ಗಳನ್ನು ತುಂಡು ಮಾಡಿ, ಒಂದೊಂದು ತುತ್ತನ್ನು ಒಂದೊಂದು ತಟ್ಟೆಯಲ್ಲಿಟ್ಟು ಬಾಗಿಲ ಮುಂದೆ ಹಿಡಿಯುತ್ತದೆ. ಈ ತಟ್ಟೆಗೆ ಮನುಷ್ಯರಲ್ಲಿ ಎಚ್‌ಎಲ್‌ಎ ಅಂತ ಹೆಸರು. ಗಸ್ತು ತಿರುಗುವ ಟಿ ಕೋಶ ತಟ್ಟೆಯನ್ನೂ ತುತ್ತನ್ನೂ ಒಟ್ಟಿಗೆ ನೋಡುತ್ತದೆ. ಎಲ್ಲ ಮಾಮೂಲು ಇದ್ದರೆ ಮುಂದೆ ಹೋಗುತ್ತದೆ. ತಟ್ಟೆ ನಮ್ಮದೇ ಆಗಿದ್ದು ತುತ್ತು ವೈರಸ್ಸಿನದಾಗಿದ್ದರೆ, ಆ ಕೋಶವನ್ನು ಅಲ್ಲೇ ಮುಗಿಸುತ್ತದೆ.

ಒಬ್ಬೊಬ್ಬರ ತಟ್ಟೆಗಳ ಆಕಾರ ಒಂದೊಂದು ಥರ. ಜಗತ್ತಿನಲ್ಲಿ ಸಾವಿರಾರು ಬಗೆ ಇವೆ. ಈ ವೈವಿಧ್ಯ ನಮ್ಮನ್ನು ಕಾಯುತ್ತದೆ. ಯಾವುದೋ ವೈರಸ್ ನನ್ನ ತಟ್ಟೆಗೆ ಸಿಗದೆ ತಪ್ಪಿಸಿಕೊಂಡರೆ, ಪಕ್ಕದ ಮನೆಯವರ ತಟ್ಟೆಯಲ್ಲಿ ಸಿಕ್ಕಿಬೀಳಬಹುದು. ಊರಿಗೆ ಊರೇ ಸಾಯುವುದಿಲ್ಲ. ಕಸಿಯ ಕಷ್ಟ ಹುಟ್ಟುವುದೂ ಇದೇ ವೈವಿಧ್ಯದಿಂದ. ಬೇರೆಯವರ ಕಿಡ್ನಿ ಅಂದರೆ ಕೋಟ್ಯಂತರ ಕೋಶಗಳು ಬೇರೆ ಆಕಾರದ ತಟ್ಟೆ ಹಿಡಿದು ನಿಂತಂತೆ. ಅಂದರೆ ಅಂಗವನ್ನು ತಳ್ಳಿಹಾಕಲು ಪ್ರಕೃತಿ ಬೇರೆ ಏರ್ಪಾಡು ಮಾಡಿಯೇ ಇರಲಿಲ್ಲ. ಸೋಂಕಿಗೆ ಮಾಡಿದ ಏರ್ಪಾಡೇ ಕಿಡ್ನಿಯ ಮೇಲೆ ತಿರುಗುತ್ತದೆ. ಡೊಹರ್ಟಿ, ಝಿಂಕರ್‌ನಾಗೆಲ್ ಇಬ್ಬರಿಗೂ 1996ರಲ್ಲಿ ನೊಬೆಲ್ ಬಂತು.

ಇನ್ನೊಂದು ಲೆಕ್ಕ ನನ್ನನ್ನು ಬೆಚ್ಚಿಬೀಳಿಸಿತು. ಯಾವುದೋ ಒಂದು ಹೊಸ ವೈರಸ್ಸಿನ ಒಂದು ತುತ್ತನ್ನು ಗುರುತಿಸಬಲ್ಲ ಟಿ ಕೋಶ ನಮ್ಮಲ್ಲಿ ಲಕ್ಷಕ್ಕೆ ಒಂದು ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ಆದರೆ ಬೇರೊಬ್ಬರ ತಟ್ಟೆಯ ಮೇಲೆ ಎರಗುವ ಟಿ ಕೋಶಗಳು ನೂರಕ್ಕೆ ಒಂದರಿಂದ ಹತ್ತರವರೆಗೆ ಇರುತ್ತವೆ. ಕಿಡ್ನಿ ಒಳಗೆ ಬಂದ ದಿನವೇ ಎದುರಾಳಿಗಳ ಸೈನ್ಯ ತಯಾರು.

ಅದರಲ್ಲೂ ಕೆಲವು ಹಳೇ ಸೈನಿಕರು. ಎಪ್‌ಸ್ಟೀನ್-ಬಾರ್ ಅಂತ ಒಂದು ವೈರಸ್ ಇದೆ. ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಅದು ಯಾವಾಗಲೋ ಬಂದುಹೋಗಿರುತ್ತದೆ. ಚಿಕ್ಕಂದಿನಲ್ಲಿ ಬಂದರೆ ಗೊತ್ತೇ ಆಗುವುದಿಲ್ಲ. 1994ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ವಿಚಿತ್ರ ಕಂಡರು. ಬಿ8 ಎಂಬ ತಟ್ಟೆ ಇರುವ ಜನರಲ್ಲಿ, ಈ ವೈರಸ್ಸನ್ನು ಕೊಲ್ಲಲು ಕಲಿತ ಟಿ ಕೋಶಗಳು ಬಿ44 ಎಂಬ ಪರರ ತಟ್ಟೆಯನ್ನು ಕಂಡರೂ ಎರಗುತ್ತಿದ್ದವು. ಆ ತಟ್ಟೆಯಲ್ಲಿ ವೈರಸ್ ಇರಲಿಲ್ಲ. ಆದರೆ ಪರರ ತಟ್ಟೆ, ಅದರಲ್ಲಿದ್ದ ಮಾಮೂಲಿ ತುತ್ತು ಎರಡೂ ಸೇರಿ ಟಿ ಕೋಶದ ಕಣ್ಣಿಗೆ "ನಮ್ಮ ತಟ್ಟೆಯಲ್ಲಿ ವೈರಸ್" ಇದ್ದಂತೆಯೇ ಕಾಣುತ್ತಿತ್ತು. ಇದು ಒಂಟಿ ಪ್ರಕರಣವೂ ಅಲ್ಲ. 2010ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಬೇರೆ ಬೇರೆ ವೈರಸ್‌ಗಳನ್ನು ನೆನಪಿಟ್ಟುಕೊಂಡ ಟಿ ಕೋಶಗಳನ್ನು ಒಂದೊಂದಾಗಿ ಬೆಳೆಸಿ ಪರೀಕ್ಷಿಸಿದಾಗ, ಅವುಗಳ ಸಂತತಿಯಲ್ಲಿ 45%ರಷ್ಟು ಯಾವುದಾದರೊಂದು ಪರರ ತಟ್ಟೆಯ ಮೇಲೆ ಎರಗಿದವು.

ಚಿಕ್ಕಂದಿನ ಜ್ವರದ ನೆನಪು, ಐವತ್ತನೇ ವಯಸ್ಸಿನಲ್ಲಿ ಹಾಕಿದ ಕಿಡ್ನಿಯನ್ನು ಕಾಡಬಹುದು. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಪ್ರಯೋಗಾಲಯದ ಇಲಿಗಳಲ್ಲಿ ಗೆದ್ದ ಕಸಿ ಚಿಕಿತ್ಸೆಗಳು ಮನುಷ್ಯರಲ್ಲಿ ಯಾಕೆ ಸೋಲುತ್ತವೆ ಅನ್ನುವುದಕ್ಕೂ ಇಲ್ಲೊಂದು ಕಾರಣವಿದೆ. ಆ ಇಲಿಗಳನ್ನು ರೋಗಾಣು ಸೋಂಕದಂತೆ ಶುಚಿಯಾದ ಪಂಜರದಲ್ಲಿ ಸಾಕಿರುತ್ತಾರೆ. ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ಮಾಸೊಪಸ್ಟ್ ಅವರ ತಂಡ ಆ ಇಲಿಗಳ ಜೊತೆ ಸಾಕುಪ್ರಾಣಿ ಅಂಗಡಿಯ ಇಲಿಗಳನ್ನು ಬಿಟ್ಟು ನೋಡಿತು. ಐದರಲ್ಲಿ ಒಂದರಷ್ಟು ಶುಚಿ ಇಲಿಗಳು ಸತ್ತವು. ಬದುಕಿದವುಗಳ ರೋಗನಿರೋಧಕ ವ್ಯವಸ್ಥೆ ಪೂರ್ತಿ ಬದಲಾಗಿತ್ತು. 2016ರಲ್ಲಿ ಪ್ರಕಟವಾದ ಆ ಕೆಲಸ ಹೇಳಿದ್ದು ಇಷ್ಟು: ಶುಚಿ ಇಲಿಯ ವ್ಯವಸ್ಥೆ ಮನುಷ್ಯರ ಹಸುಗೂಸಿನದನ್ನು ಹೋಲುತ್ತದೆ, ಅಂಗಡಿ ಇಲಿಯದು ದೊಡ್ಡವರದನ್ನು. ಒಂದಕ್ಕೆ ನೆನಪುಗಳೇ ಇಲ್ಲ, ಇನ್ನೊಂದರಲ್ಲಿ ತುಂಬಿ ತುಳುಕುತ್ತಿವೆ. ಮಣ್ಣಿನಲ್ಲಿ ಆಡಿ, ಹತ್ತಾರು ಜ್ವರ ಕಂಡು ಬೆಳೆದ ನಮ್ಮ ಮೈ ಎರಡನೇ ಬಗೆಯದು.

ಈ ನೆನಪು ಇರುವುದಾದರೂ ಎಲ್ಲಿ? ಲಸಿಕೆಯ ಸಂಶೋಧನೆ ಇದನ್ನು ತುಂಬ ಚೆನ್ನಾಗಿ ತೋರಿಸಿಕೊಟ್ಟಿದೆ. ಕೋವಿಡ್ ಲಸಿಕೆ ಹಾಕಿಸಿಕೊಂಡ ಮೇಲೆ ಕೆಲವರಿಗೆ ಕಂಕುಳಲ್ಲಿ ಗಂಟು ಕಟ್ಟಿ ನೋಯುತ್ತಿತ್ತು, ನೆನಪಿದೆಯಾ? ಆ ಗಂಟೇ ಶಾಲೆ. ಅಲ್ಲಿನ ದುಗ್ಧಗ್ರಂಥಿಯೊಳಗೆ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಗುಂಪು ಸೇರಿ, ಒಡೆದು ಒಡೆದು ಹೆಚ್ಚಾಗಿ, ಪ್ರತಿ ಸಲ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ವೈರಸ್ಸನ್ನು ಗಟ್ಟಿಯಾಗಿ ಹಿಡಿಯುವಂಥವು ಪಾಸಾಗುತ್ತವೆ, ಉಳಿದವು ಸಾಯುತ್ತವೆ. ಸೇಂಟ್ ಲೂಯಿಸ್ ನಗರದ ಅಲಿ ಎಲ್ಲೆಬೆಡಿ ಅವರ ತಂಡ ಎಂಆರ್‌ಎನ್‌ಎ ಲಸಿಕೆ ಪಡೆದ 14 ಜನರ ಕಂಕುಳಿಗೆ ಸಣ್ಣ ಸೂಜಿ ಹಾಕಿ ಕೋಶಗಳನ್ನು ತೆಗೆದು ನೋಡಿತು. ಎರಡನೇ ಡೋಸ್ ಆಗಿ 12 ವಾರ ಕಳೆದರೂ ಶಾಲೆ ನಡೆಯುತ್ತಲೇ ಇತ್ತು. ಅಷ್ಟು ದಿನ ನಡೆಯುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿರಲಿಲ್ಲ.

ಅಲ್ಲಿ ಪಾಸಾದ ಕೆಲವು ಕೋಶಗಳು ಮೂಳೆಯೊಳಗಿನ ಮಜ್ಜೆಗೆ ಹೋಗಿ ಮನೆ ಮಾಡುತ್ತವೆ. ಅವು ಇನ್ನು ಒಡೆಯುವುದಿಲ್ಲ, ಹೆಚ್ಚಾಗುವುದಿಲ್ಲ. ಒಂದೇ ಕಡೆ ಕೂತು ವರ್ಷಗಟ್ಟಲೆ ಪ್ರತಿಕಾಯ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತವೆ. ಇನ್ನು ಕೆಲವು ನೆನಪಿನ ಕೋಶಗಳಾಗಿ ಮೈಯೆಲ್ಲ ಓಡಾಡಿಕೊಂಡು, ಶತ್ರು ಮತ್ತೆ ಬಂದರೆ ಏಳಲು ಕಾಯುತ್ತವೆ. 1918ರ ಮಹಾ ಫ್ಲೂ ಕಾಲದಲ್ಲಿ ಬದುಕಿದ್ದ 32 ಜನರನ್ನು ಅಮೆರಿಕದಲ್ಲಿ 90 ವರ್ಷ ಆದಮೇಲೆ ಪರೀಕ್ಷಿಸಿದ್ದರು. ಎಲ್ಲರ ವಯಸ್ಸೂ 90 ದಾಟಿತ್ತು. ಎಲ್ಲರ ರಕ್ತದಲ್ಲೂ ಆ ವೈರಸ್ಸಿನ ಗುರುತು ಇತ್ತು. ಕೆಲವರ ಬಿ ಕೋಶಗಳಂತೂ ಈಗಲೂ ಅದನ್ನು ಹಿಡಿಯಬಲ್ಲ ಪ್ರತಿಕಾಯ ತಯಾರಿಸುತ್ತಿದ್ದವು. 2003ರಲ್ಲಿ ಕೋವಿಡ್‌ನ ಬಳಗದ್ದೇ ಆದ ಸಾರ್ಸ್ ರೋಗ ಬಂದು ವಾಸಿಯಾದವರಲ್ಲಿ 17 ವರ್ಷದ ನಂತರವೂ ಟಿ ಕೋಶಗಳ ನೆನಪು ಉಳಿದಿತ್ತು ಅಂತ ಸಿಂಗಪುರದ ವಿಜ್ಞಾನಿಗಳು 2020ರಲ್ಲಿ ತೋರಿಸಿದರು.

ಎಲ್ಲ ನೆನಪೂ ಒಂದೇ ಥರ ಗಟ್ಟಿ ಇರುವುದಿಲ್ಲ. ದಡಾರದ ಪ್ರತಿಕಾಯ ಜೀವಮಾನ ಪೂರ್ತಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಧನುರ್ವಾಯು ಲಸಿಕೆಯ ಪ್ರತಿಕಾಯ ಸುಮಾರು 11 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಕಬ್ಬಿಣ ಚುಚ್ಚಿಕೊಂಡರೆ "ಟಿಟಿ ಹಾಕಿಸಿ ಎಷ್ಟು ವರ್ಷ ಆಯ್ತು?" ಅಂತ ಕೇಳುವುದು. ನಮ್ಮ ಮಲೆನಾಡಿನವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆಗೆ ಒಂದು ಲಸಿಕೆ ಇತ್ತು. ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ಐದು ವರ್ಷ ಪ್ರತಿ ವರ್ಷ. ನೆನಪು ಅಷ್ಟು ಬೇಗ ಮಾಸುತ್ತಿತ್ತು. ಚುಚ್ಚಿದ ಕೈ ನೋಯುತ್ತಿತ್ತು. ಅಡಿಕೆ ಕೊಯ್ಲು, ಸೊಪ್ಪು, ಸೌದೆ ಅಂತ ಕಾಡು ತಿರುಗುವವರು ಅಷ್ಟು ಸಲ ಬರುವುದಾದರೂ ಹೇಗೆ? ಒಂದು ಡೋಸ್ ತಗೊಂಡು ಬಿಟ್ಟವರಿಗೆ ರಕ್ಷಣೆ ಸಿಗಲಿಲ್ಲ. ಕೊನೆಗೆ ಆ ಲಸಿಕೆ ಕೊಡುವುದೇ ನಿಂತಿತು. ಹೊಸದೊಂದಕ್ಕಾಗಿ ಕೆಲಸ ನಡೆದಿದೆ. ಇದು ಬೇಗ ಆಗಲಿ ಅಂತ ನಾನು ನಿಜಕ್ಕೂ ಹಂಬಲಿಸುತ್ತೇನೆ. ಈ ಕಾಯಿಲೆ ಹರಡುವ ಉಣುಗಿನ ಕಡಿತಕ್ಕೆ ಹೆದರಿ ಕಾಡಿಗೆ ಹೋಗದೆ ಇರುವುದು ಆ ಜನರಿಗೆ ಸಾಧ್ಯವಿಲ್ಲ.

ನೆನಪನ್ನೇ ಅಳಿಸುವ ರೋಗವೂ ಇದೆ. ಅದು ದಡಾರ. ತನ್ನ ನೆನಪನ್ನು ಗಟ್ಟಿಯಾಗಿ ಬಿಟ್ಟುಹೋಗುವ ಇದೇ ವೈರಸ್, ಉಳಿದ ರೋಗಗಳ ನೆನಪನ್ನು ಹೊತ್ತ ಕೋಶಗಳನ್ನು ಹುಡುಕಿ ಕೊಲ್ಲುತ್ತದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮುಂಚೆ ಮತ್ತು ನಂತರ ಹೋಲಿಸಿ ನೋಡಿದ ಅಧ್ಯಯನ 2019ರಲ್ಲಿ ಬಂತು. ಆ ಮಕ್ಕಳು ಅದುವರೆಗೆ ಕೂಡಿಸಿಕೊಂಡಿದ್ದ ಪ್ರತಿಕಾಯಗಳಲ್ಲಿ 11%ರಿಂದ 73%ವರೆಗೆ ಕಳೆದುಕೊಂಡಿದ್ದರು. ದಡಾರದ ಲಸಿಕೆ ಹೀಗೆ ಮಾಡುವುದಿಲ್ಲ. "ದಡಾರ ತಾನೆ, ಬಂದು ಹೋಗಲಿ ಬಿಡಿ" ಅನ್ನುವ ಮಾತನ್ನು ಈಗಲೂ ಕೇಳುತ್ತೇನೆ. ದಯವಿಟ್ಟು ಹಾಗನ್ನಬೇಡಿ. ಬಂದು ಹೋಗುವಾಗ ಅದು ಏನೇನು ಹೊತ್ತುಕೊಂಡು ಹೋಗುತ್ತದೆ ಅಂತ ನಮಗೀಗ ಗೊತ್ತು.

ಮತ್ತೆ ಕಿಡ್ನಿಗೆ ಬರೋಣ. ಚಿಕ್ಕಪ್ಪನದು ಆಗುವುದಿಲ್ಲ ಅಂತಾದ ಮೇಲೆ ಮುಂದೆ ಬಂದಿದ್ದು ನಮ್ಮ ಅಮ್ಮ. ಒಡಹುಟ್ಟಿದವರ ತಟ್ಟೆಗಳು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು. ಅಮ್ಮನದು ಅರ್ಧ ಹೊಂದಿತು. ಕ್ರಾಸ್‌ಮ್ಯಾಚ್ ನೆಗೆಟಿವ್ ಬಂತು. ಅಂದರೆ ಚಿಕ್ಕಮ್ಮನ ದೇಹ ಅಮ್ಮನ ಗುರುತಿನ ವಿರುದ್ಧ ಏನನ್ನೂ ತಯಾರಿಸಿಟ್ಟುಕೊಂಡಿರಲಿಲ್ಲ. ಅಮ್ಮ ಹೊಂದದೇ ಇದ್ದಿದ್ದರೆ ಅದಲು ಬದಲು ಕಸಿಯ ದಾರಿ ಇತ್ತು. ಇದೇ ಕಷ್ಟದಲ್ಲಿರುವ ಇನ್ನೊಂದು ಜೋಡಿಗೆ ಚಿಕ್ಕಪ್ಪ ಕಿಡ್ನಿ ಕೊಡುವುದು, ಆ ಕಡೆಯವರು ಚಿಕ್ಕಮ್ಮನಿಗೆ ಕೊಡುವುದು. 2011ರ ತಿದ್ದುಪಡಿಯ ಮೇಲೆ ನಮ್ಮ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಇನ್ನೂ ಎಷ್ಟೋ ಮನೆಗಳಿಗೆ ಈ ದಾರಿ ಇದೆ ಅಂತಲೇ ಗೊತ್ತಿಲ್ಲ.

2018ರಲ್ಲಿ ಕಸಿ ಆಯಿತು. ಅವತ್ತಿನಿಂದ ಇವತ್ತಿನವರೆಗೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಚಿಕ್ಕಮ್ಮನ ಫೋನ್ ಹೊಡೆದುಕೊಳ್ಳುತ್ತದೆ. ಮದುವೆ ಊಟದ ಪಂಕ್ತಿಯಲ್ಲಿರಲಿ, ಬಸ್ಸಿನಲ್ಲಿರಲಿ, ಸೀರೆ ಸೆರಗಿಗೆ ಸಿಕ್ಕಿಸಿದ ಪರ್ಸ್ ತೆಗೆದು ಮಾತ್ರೆ ನುಂಗುತ್ತಾರೆ. ಅದರಲ್ಲಿ ಮುಖ್ಯವಾದದ್ದು ಟ್ಯಾಕ್ರೊಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾ ಊರಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧ ಅದು. ಟಿ ಕೋಶ ಶತ್ರುವನ್ನು ಕಂಡರೂ ಅದರ ಒಳಗೆ ಎಚ್ಚರಿಕೆಯ ಗಂಟೆ ಹೊಡೆಯದಂತೆ ತಡೆಯುತ್ತದೆ. ಜೊತೆಗೆ ಮೈಕೊಫಿನೊಲೇಟ್ ಅಂತ ಇನ್ನೊಂದು ಮಾತ್ರೆ. ಅದು ಟಿ, ಬಿ ಕೋಶಗಳು ಒಡೆದು ಹೆಚ್ಚಾಗುವುದನ್ನೇ ತಡೆಯುತ್ತದೆ.

ಈಗ ಕಂಕುಳಿನ ಶಾಲೆಯನ್ನು ನೆನಪಿಸಿಕೊಳ್ಳಿ. ಬಿ ಕೋಶಗಳು ಒಡೆದು ಹೆಚ್ಚಾಗದಿದ್ದರೆ ಶಾಲೆ ನಡೆಯುವುದು ಹೇಗೆ? ಕೋವಿಡ್ ಲಸಿಕೆ ಬಂದಾಗ ಕಸಿ ಆದವರಲ್ಲಿ ಇದು ಎದ್ದು ಕಂಡಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಅಂಗಾಂಗ ಕಸಿಯಾದ 658 ಜನರನ್ನು ಪರೀಕ್ಷಿಸಿದರು. ಎರಡು ಡೋಸ್ ಆದಮೇಲೂ 54% ಜನರಲ್ಲಿ ಮಾತ್ರ ಪ್ರತಿಕಾಯ ಕಂಡಿತು. ಮೈಕೊಫಿನೊಲೇಟ್‌ನಂಥ ಮಾತ್ರೆ ತಗೊಳ್ಳುತ್ತಿದ್ದವರಲ್ಲಿ ಇನ್ನೂ ಕಡಿಮೆ. ಫ್ರಾನ್ಸಿನ ಟುಲೂಸ್‌ನಲ್ಲಿ 101 ಜನರಿಗೆ ಮೂರನೇ ಡೋಸ್ ಕೊಟ್ಟು ನೋಡಿದರು. 40% ಇದ್ದದ್ದು 68%ಕ್ಕೆ ಏರಿತು. ಏರಿಕೆ ಒಳ್ಳೆಯದೇ, ಆದರೆ ಮೂರು ಡೋಸ್ ಆದಮೇಲೂ ಮೂರರಲ್ಲಿ ಒಬ್ಬರ ಕೈ ಖಾಲಿ. ಚಿಕ್ಕಮ್ಮನಿಗೆ ಡಾಕ್ಟರು "ಲಸಿಕೆ ಆಯ್ತು ಅಂತ ಮಾಸ್ಕ್ ತೆಗೀಬೇಡಿ" ಅಂತ ಮತ್ತೆ ಮತ್ತೆ ಹೇಳಿದ್ದು ಇದಕ್ಕೇ.

ಇಲ್ಲಿಯೇ ಇಡೀ ವಿಷಯದ ಗಂಟು ಇದೆ ಅಂತ ನನಗನ್ನಿಸುತ್ತದೆ. ಈ ಮಾತ್ರೆಗಳು ಹೊಸ ನೆನಪು ಹುಟ್ಟುವುದನ್ನು ತಡೆಯುತ್ತವೆ. ಹಳೇ ನೆನಪನ್ನು ಅಳಿಸಲಾರವು. ಮೂಳೆ ಮಜ್ಜೆಯಲ್ಲಿ ಕೂತ ಕೋಶಗಳು ಒಡೆಯುವುದೇ ಇಲ್ಲವಲ್ಲ, ಒಡೆಯುವುದನ್ನು ತಡೆಯುವ ಮಾತ್ರೆ ಅವುಗಳನ್ನು ಏನು ಮಾಡೀತು? ಇದರಿಂದ ಒಂದು ಲಾಭ, ಒಂದು ನಷ್ಟ. ಕಸಿಗೆ ಮುಂಚೆ ಹಾಕಿಸಿಕೊಂಡ ಲಸಿಕೆಯ ರಕ್ಷಣೆ ಬಹುಪಾಲು ಉಳಿಯುತ್ತದೆ. ಹಾಗೆಯೇ ಹೆರಿಗೆಯಲ್ಲೋ, ರಕ್ತ ಹಾಕಿಸಿಕೊಂಡಾಗಲೋ, ಹಿಂದಿನ ಕಸಿಯಲ್ಲೋ ಹುಟ್ಟಿದ ಪ್ರತಿಕಾಯಗಳೂ ಉಳಿಯುತ್ತವೆ. ರಕ್ತದಿಂದ ಅವನ್ನು ಸೋಸಿ ತೆಗೆಯುವ ಚಿಕಿತ್ಸೆ ಇದೆ. ಆದರೆ ಮಜ್ಜೆಯಲ್ಲಿರುವ ಕೋಶ ಮತ್ತೆ ತುಂಬಿಸುತ್ತಿರುತ್ತದೆ.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಶುರುವಾಗಿದ್ದರೆ, ಕಸಿಯ ಮಾತು ಬರುವ ಮೊದಲೇ ಲಸಿಕೆಯ ಮಾತು ಎತ್ತಿ. ಡಯಾಲಿಸಿಸ್‌ನಲ್ಲಿರುವವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ದುಪ್ಪಟ್ಟು ಪ್ರಮಾಣದಲ್ಲಿ ಕೊಡುತ್ತಾರೆ, ಯಾಕೆಂದರೆ ಅವರ ದೇಹ ಆಗಲೇ ದಣಿದಿರುತ್ತದೆ. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ವೈರಸ್ಸಿನ ಲಸಿಕೆಗಳನ್ನು ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ. ಬೇಕಿದ್ದರೆ ಮುಂಚೆಯೇ ಮುಗಿಸಬೇಕು. ಯಾವುದು, ಯಾವಾಗ ಅನ್ನುವುದನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು. ಮಾತ್ರೆಯನ್ನಂತೂ "ಈಗ ಚೆನ್ನಾಗಿದೀನಿ" ಅಂತ ಯಾರೂ ತಾವಾಗಿ ನಿಲ್ಲಿಸಬಾರದು. ಟಿ ಕೋಶಗಳು ಸುಮ್ಮನಾಗಿವೆ, ಮರೆತಿಲ್ಲ.

ಮಾತ್ರೆಯೇ ಇಲ್ಲದೆ ದೇಹ ಪರರ ಅಂಗವನ್ನು ಒಪ್ಪಿಕೊಳ್ಳುವಂತೆ ಮಾಡಲು ಆಗುತ್ತದಾ? ಈ ಆಸೆ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವೆನ್ ಎಂಬಾತ 1945ರಲ್ಲಿ ಅವಳಿ ಕರುಗಳ ರಕ್ತ ಪರೀಕ್ಷಿಸುತ್ತಿದ್ದರು. ಬೇರೆ ಬೇರೆ ಗುಣದ ಅವಳಿಗಳಲ್ಲೂ ಒಂದರ ಮೈಯಲ್ಲಿ ಇನ್ನೊಂದರ ರಕ್ತಕೋಶಗಳು ಸಿಕ್ಕವು. ಹೊಟ್ಟೆಯಲ್ಲಿದ್ದಾಗ ಅವುಗಳ ರಕ್ತನಾಳಗಳು ಕೂಡಿಕೊಂಡಿದ್ದವು. ನೆನಪು ಶುರುವಾಗುವ ಮುನ್ನವೇ ಪರಿಚಯವಾದದ್ದನ್ನು ದೇಹ ತನ್ನದೆಂದೇ ತಿಳಿದಿತ್ತು. ಮೆಡವಾರ್ ತಂಡ 1953ರಲ್ಲಿ ಇದನ್ನೇ ಇಲಿಮರಿಗಳಲ್ಲಿ ಬೇಕೆಂದೇ ಮಾಡಿ ತೋರಿಸಿತು. ಹುಟ್ಟುವ ಮೊದಲೇ ಬೇರೆ ತಳಿಯ ಕೋಶ ಪಡೆದ ಮರಿಗಳು, ದೊಡ್ಡವಾದ ಮೇಲೆ ಆ ತಳಿಯ ಚರ್ಮವನ್ನು ಒಪ್ಪಿಕೊಂಡವು.

ದೊಡ್ಡವರಲ್ಲಿ ಇದಕ್ಕೆ ಎರಡು ದಾರಿ ಹುಡುಕುತ್ತಿದ್ದಾರೆ. ಒಂದು, ಕಿಡ್ನಿಯ ಜೊತೆ ಅದೇ ದಾನಿಯ ಮೂಳೆ ಮಜ್ಜೆಯನ್ನೂ ಕೊಡುವುದು. ಬಾಸ್ಟನ್ನಿನಲ್ಲಿ ಐವರಿಗೆ ಹೀಗೆ ಮಾಡಿದ್ದು 2008ರಲ್ಲಿ ವರದಿಯಾಯಿತು. ನಾಲ್ವರು ಮಾತ್ರೆ ನಿಲ್ಲಿಸಿ ವರ್ಷಗಟ್ಟಲೆ ಚೆನ್ನಾಗಿದ್ದರು. ಇನ್ನೊಂದು, ನಮ್ಮಲ್ಲೇ ಇರುವ ಸಮಾಧಾನ ಮಾಡುವ ಟಿ ಕೋಶಗಳನ್ನು ಬಳಸುವುದು. ಉಳಿದ ಟಿ ಕೋಶಗಳು ಎಗರಾಡಿದಾಗ ತಡೆದು ನಿಲ್ಲಿಸುವ ಇವನ್ನು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಗುರುತಿಸಿದರು. ಅವನ್ನು ನಡೆಸುವ ಫಾಕ್ಸ್‌ಪಿ3 ಜೀನ್ 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ ಸಿಕ್ಕಿತು. ಮೂವರಿಗೂ 2025ರ ನೊಬೆಲ್ ಬಂದಿದೆ. ಕಸಿಯಾದವರ ರಕ್ತದಿಂದ ಇಂಥ ಕೋಶ ತೆಗೆದು, ಹೊರಗೆ ಬೆಳೆಸಿ, ಮತ್ತೆ ಅವರಿಗೇ ಕೊಡುವ ಪ್ರಯೋಗಗಳು ನಡೆದಿವೆ. 2020ರಲ್ಲಿ ಬಂದ ಒಂದು ವರದಿಯಲ್ಲಿ, ಹೀಗೆ ಶಮನಕಾರಿ ಕೋಶಗಳನ್ನು ಪಡೆದ ಹಲವರಿಗೆ ಮಾತ್ರೆ ಕಡಿಮೆ ಮಾಡಲು ಆಯಿತು, ವೈರಸ್ ಸೋಂಕೂ ಕಡಿಮೆ ಇತ್ತು. ಹಳೇ ನೆನಪು ತುಂಬಿದ ಮೈಯಲ್ಲಿ ಈ ಕೆಲಸ ಎಷ್ಟು ಕಷ್ಟ ಅನ್ನುವುದು ಅಂಗಡಿ ಇಲಿಗಳ ಕಥೆ ಓದಿದವರಿಗೆ ಹೇಳಬೇಕಾಗಿಲ್ಲ.

ಹಂದಿಯ ಕಿಡ್ನಿಯ ಸುದ್ದಿಯನ್ನೂ ನೀವು ಓದಿರಬಹುದು. ಅಲ್ಲೂ ಮೊದಲ ಅಡ್ಡಿ ನೆನಪೇ. ಹಂದಿಯ ಕೋಶಗಳ ಮೇಲೆ ಒಂದು ಬಗೆಯ ಸಕ್ಕರೆಯ ಗುರುತು ಇರುತ್ತದೆ. ಅದೇ ಗುರುತು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ಇದೆ. ಹಾಗಾಗಿ ಹಂದಿಯ ಅಂಗವನ್ನು ಎಂದೂ ಮುಟ್ಟದವರ ರಕ್ತದಲ್ಲೂ ಅದರ ವಿರುದ್ಧ ಪ್ರತಿಕಾಯ ತಯಾರಿರುತ್ತದೆ. 2024ರ ಮಾರ್ಚಿನಲ್ಲಿ ಬಾಸ್ಟನ್ನಿನಲ್ಲಿ ರೋಗಿಯೊಬ್ಬರಿಗೆ ಹಾಕಿದ ಹಂದಿ ಕಿಡ್ನಿಯಲ್ಲಿ 69 ಜೀನ್ ತಿದ್ದುಪಡಿಗಳಿದ್ದವು. ಆ ಸಕ್ಕರೆಯನ್ನು ತೆಗೆದುಹಾಕಿದ್ದು ಅವುಗಳಲ್ಲಿ ಒಂದು.

ಚಿಕ್ಕಮ್ಮನ ಕಿಡ್ನಿ ಈಗಲೂ ಚೆನ್ನಾಗಿದೆ. ಅದನ್ನು ಅವರು "ಅಕ್ಕನ ಕಿಡ್ನಿ" ಅಂತಲೇ ಕರೆಯುತ್ತಾರೆ. ಪ್ರತಿ ವರ್ಷ ಅವರಿಗೆ ಫ್ಲೂ ಲಸಿಕೆ ಹಾಕಿಸುವಾಗ ಡಾಕ್ಟರು ಮನೆಮಂದಿಗೆಲ್ಲ ಹಾಕಿಸಿಕೊಳ್ಳಲು ಹೇಳುತ್ತಾರೆ. ಚಿಕ್ಕಮ್ಮನ ದೇಹ ಹೊಸದನ್ನು ಅಷ್ಟಾಗಿ ಕಲಿಯುವುದಿಲ್ಲ, ಸುತ್ತಲಿರುವವರ ದೇಹ ಕಲಿತರೆ ಸೋಂಕು ಅವರ ತನಕ ಬರುವುದು ಕಡಿಮೆಯಾಗುತ್ತದೆ. ಮೊದಲ ವರ್ಷ ನರ್ಸ್ ಬಂದು "ಮೊದಲು ಯಾರು?" ಅಂದಾಗ ಚಿಕ್ಕಪ್ಪ ಅಂಗಿ ತೋಳು ಮೇಲೆ ಸರಿಸಿ ಕೂತುಬಿಟ್ಟಿದ್ದರು. "ಕಿಡ್ನಿ ಕೊಡೋಕಂತೂ ಆಗ್ಲಿಲ್ಲ, ಇದಾದ್ರೂ ನಾನು ಮಾಡ್ತೀನಿ" ಅಂದರು. ಅವತ್ತಿನಿಂದ ಪ್ರತಿ ವರ್ಷ ಮೊದಲ ಸೂಜಿ ಅವರದೇ.